ಎರಡು ಆಂಟಿಬಯಾಟಿಕ್ ಜೋಡಿಸಿ ಪರೀಕ್ಷಿಸುವುದು: ಚೆಕರ್‌ಬೋರ್ಡ್ ಪ್ಲೇಟಿನ ಅನುಭವ

ಪ್ರಬಲ ಆಂಟಿಬಯಾಟಿಕ್ ಮೆರೋಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ರೋಗಿಯ ರಕ್ತದಲ್ಲಿ ಬೆಳೆದಾಗ ಐಸಿಯು ವೈದ್ಯರು ಕೇಳುವುದು ಒಂದೇ: ಯಾವುದರ ಜೊತೆ ಯಾವುದನ್ನು ಕೊಡಲಿ? ಉತ್ತರ ಹುಡುಕಲು ನಾನು ಮೊದಲು ಹಾಕುವುದು 96 ಗುಳಿಗಳ ಚೆಕರ್‌ಬೋರ್ಡ್ ಪ್ಲೇಟ್: ಅಡ್ಡಕ್ಕೆ ಒಂದು ಔಷಧ, ಉದ್ದಕ್ಕೆ ಇನ್ನೊಂದು, ಹಂತಹಂತವಾಗಿ ಇಳಿಯುತ್ತವೆ. ಮೆರೋಪೆನೆಮ್–ಕೊಲಿಸ್ಟಿನ್ ಜೋಡಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಔಷಧದ ಪುಡಿಯಿಂದಲೇ ತಪ್ಪು ಶುರುವಾಗುತ್ತದೆ. ವಾರ್ಡಿನ ಇಂಜೆಕ್ಷನ್ ವಯಲ್ ಬಳಸಬೇಡಿ. ಮೆರೋಪೆನೆಮ್ ವಯಲಿನಲ್ಲಿ ಸೋಡಿಯಂ ಕಾರ್ಬೋನೇಟ್ ಬೆರೆತಿರುತ್ತದೆ, ತೂಗಿದ್ದೆಲ್ಲ ಔಷಧವಲ್ಲ. ಕೊಲಿಸ್ಟಿನ್ ಇಂಜೆಕ್ಷನ್ನಿನಲ್ಲಿ ಇರುವುದು ಸಾಮಾನ್ಯವಾಗಿ ಕೊಲಿಸ್ಟಿಮೆಥೇಟ್. ಅದು ದೇಹದೊಳಗೆ ಹೋದ ಮೇಲೆ ನಿಧಾನವಾಗಿ ಕೊಲಿಸ್ಟಿನ್ ಆಗುತ್ತದೆ. ಪ್ಲೇಟಿಗೆ ಕೊಲಿಸ್ಟಿನ್ ಸಲ್ಫೇಟೇ ಬೇಕು. ಪೊಟೆನ್ಸಿ ಲೆಕ್ಕವನ್ನೂ ಮರೆಯಬಾರದು: ಪ್ರತಿ ಮಿಗ್ರಾಂ ಪುಡಿಯಲ್ಲಿ 850 ಮೈಕ್ರೊಗ್ರಾಂ ಔಷಧ ಇದ್ದರೆ, ಲೀಟರಿಗೆ 5120 ಮಿಗ್ರಾಂ ಇರುವ 10 ಮಿಲಿ ಸ್ಟಾಕ್‌ಗೆ (ಮೂಲ ದ್ರಾವಣಕ್ಕೆ) 60.2 ಮಿಗ್ರಾಂ ತೂಗಬೇಕು. ಮೆರೋಪೆನೆಮ್ ಸ್ಟಾಕ್ ಬೇಗ ಕೆಡುತ್ತದೆ. ಸಣ್ಣ ಸಣ್ಣ ವಯಲುಗಳಿಗೆ ಹಂಚಿ ಮೈನಸ್ 70 ಡಿಗ್ರಿಯಲ್ಲಿಡುತ್ತೇನೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವುದಿಲ್ಲ.

ಬ್ರಾತ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ದ್ರವ, ಕ್ಯಾಟಯಾನ್ (ಧನ ಅಯಾನು) ಹೊಂದಿಸಿದ ಮುಲ್ಲರ್–ಹಿಂಟನ್. ಲೀಟರಿಗೆ ಕ್ಯಾಲ್ಸಿಯಂ 20–25 ಮಿಗ್ರಾಂ, ಮೆಗ್ನೀಸಿಯಂ 10–12.5 ಮಿಗ್ರಾಂ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಕೊಲಿಸ್ಟಿನ್ ಹಿಡಿಯುವ ಜಾಗದಲ್ಲೇ ಈ ಅಯಾನುಗಳೂ ಕೂರುವುದರಿಂದ, ಇವು ಕಡಿಮೆಯಾದರೆ ಎಂಐಸಿ (ಬೆಳವಣಿಗೆ ತಡೆಯಲು ಬೇಕಾಗುವ ಅತಿ ಕಡಿಮೆ ಔಷಧದ ಪ್ರಮಾಣ) ಸುಳ್ಳೇ ಇಳಿಯುತ್ತದೆ.

ಮೆರೋಪೆನೆಮ್ 1ರಿಂದ 10ನೇ ಕಾಲಂವರೆಗೆ, ಲೀಟರಿಗೆ 128 ಮಿಗ್ರಾಂನಿಂದ 0.25ಕ್ಕೆ ಅರ್ಧರ್ಧ ಇಳಿಯುತ್ತದೆ, 11ರಲ್ಲಿ ಅದಿಲ್ಲ. ಕೊಲಿಸ್ಟಿನ್ ಎ ಸಾಲಿನಿಂದ ಜಿ ಸಾಲಿಗೆ, 4ರಿಂದ 0.06ಕ್ಕೆ, ಎಚ್ ಸಾಲಿನಲ್ಲಿ ಅದಿಲ್ಲ. ಹಾಗಾಗಿ ಎಚ್11 ಬೆಳವಣಿಗೆಯ ಕಂಟ್ರೋಲ್, 12ನೇ ಕಾಲಂ ಬರೀ ಬ್ರಾತ್. ಪ್ರತಿ ಗುಳಿಗೆ ನಾಲ್ಕು ಪಟ್ಟು ತೀವ್ರತೆಯ ಒಂದೊಂದು ಔಷಧ 25 ಮೈಕ್ರೊಲೀಟರ್, ಇಲ್ಲದ ಔಷಧದ ಬದಲು ಅಷ್ಟೇ ಬ್ರಾತ್, ಮೇಲೆ 50 ಮೈಕ್ರೊಲೀಟರ್ ಬ್ಯಾಕ್ಟೀರಿಯಾ. ಕೊಲಿಸ್ಟಿನ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವ ವಸ್ತು. ದುರ್ಬಲ ದ್ರಾವಣಗಳನ್ನು ಮೊದಲೇ ಮಾಡಿಟ್ಟರೆ ಅರ್ಧ ಔಷಧ ಟ್ಯೂಬಿನ ಗೋಡೆಯಲ್ಲೇ ಉಳಿದೀತು. ತಯಾರಿಸಿದ ಕೂಡಲೇ ಹಾಕಿ. ಪಾಲಿಸಾರ್ಬೇಟ್ ಸೇರಿಸಿ ಅಂಟುವುದನ್ನು ತಪ್ಪಿಸುವ ಉಪಾಯ ಬೇಡ, ಅದೇ ಕೊಲಿಸ್ಟಿನ್ ಜೊತೆ ಸೇರಿ ಫಲಿತಾಂಶ ಕೆಡಿಸುತ್ತದೆ.

ರಾತ್ರಿ ಬೆಳೆದ ಹೊಸ ಕಾಲನಿಗಳಿಂದ 0.5 ಮ್ಯಾಕ್‌ಫರ್‌ಲ್ಯಾಂಡ್ (ದ್ರವದ ಮಬ್ಬಿನ ಅಳತೆ) ಮಾಡಿದರೆ ಮಿಲಿಗೆ ಸುಮಾರು 10 ಕೋಟಿ ಬ್ಯಾಕ್ಟೀರಿಯಾ. ಅದನ್ನು ಬ್ರಾತಿನಲ್ಲಿ ನೂರು ಪಟ್ಟು ತೆಳುವಾಗಿಸಿ ಹಾಕಿದರೆ ಗುಳಿಯಲ್ಲಿ ಮಿಲಿಗೆ 5 ಲಕ್ಷ ಉಳಿಯುತ್ತದೆ. ಅಂದಾಜಿಗೆ ಬಿಡದೆ ಎಣಿಸುತ್ತೇನೆ: ಹಾಕಿದ ಕೂಡಲೇ ಎಚ್11ರಿಂದ 10 ಮೈಕ್ರೊಲೀಟರ್ ತೆಗೆದು 10 ಮಿಲಿ ಸಲೈನಿಗೆ ಬೆರೆಸಿ, ಅದರ 100 ಮೈಕ್ರೊಲೀಟರ್ ಅಗಾರ್ ಮೇಲೆ ಹರಡಿದರೆ ಮರುದಿನ ಸುಮಾರು 50 ಕಾಲನಿ ಬರಬೇಕು. 300 ಬಂದರೆ ಆ ಪ್ಲೇಟ್ ಬಿಸಾಡಿ. ಕಾರ್ಬಾಪೆನಮೇಸ್ ಕಿಣ್ವ ಮಾಡುವ ಬ್ಯಾಕ್ಟೀರಿಯಾ ಹೆಚ್ಚಾದಷ್ಟೂ ಮೆರೋಪೆನೆಮ್ ಒಡೆದುಹೋಗಿ ಎಂಐಸಿ ಏರುತ್ತದೆ.

35 ಡಿಗ್ರಿಯಲ್ಲಿ 16–20 ಗಂಟೆ. ನಾಲ್ಕಕ್ಕಿಂತ ಹೆಚ್ಚು ಪ್ಲೇಟ್ ಒಂದರ ಮೇಲೊಂದು ಪೇರಿಸಬಾರದು. ಒದ್ದೆ ಕಾಗದವಿಟ್ಟ ಡಬ್ಬಿಯಲ್ಲಿ ಇಡದಿದ್ದರೆ ಅಂಚಿನ ಗುಳಿಗಳು ಒಣಗುತ್ತವೆ. ಜೊತೆಗೆ ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡುವ ತಳಿ ಇ. ಕೋಲಿ ಎಟಿಸಿಸಿ 25922 ಇರಲೇಬೇಕು. ಅದರ ಕೊಲಿಸ್ಟಿನ್ ಎಂಐಸಿ 0.25–2ರ ಹೊರಗೆ ಬಿದ್ದ ದಿನ ರೋಗಿಯ ತಳಿಯ ಫಲಿತಾಂಶವನ್ನೂ ನಂಬುವುದಿಲ್ಲ.

ಓದುವಾಗ ಎಫ್‌ಐಸಿ ಸೂಚ್ಯಂಕದ ಲೆಕ್ಕ: ಪ್ರತಿ ಔಷಧದ ಜೋಡಿ ಎಂಐಸಿಯನ್ನು ಅದರ ಒಂಟಿ ಎಂಐಸಿಯಿಂದ ಭಾಗಿಸಿ, ಎರಡನ್ನೂ ಕೂಡುವುದು. ಒಂಟಿಯಾಗಿ ಮೆರೋಪೆನೆಮ್ 64, ಕೊಲಿಸ್ಟಿನ್ 2. ಜೋಡಿಯಲ್ಲಿ 8 ಮತ್ತು 0.25 ಎಂದರೆ 8/64 ಮತ್ತು 0.25/2 ಕೂಡಿ 0.25. 0.5 ಅಥವಾ ಕಡಿಮೆಯಾದರೆ ಸಿನರ್ಜಿ (ಒಂದಕ್ಕೊಂದು ಬಲ ಕೊಡುವುದು), 4 ದಾಟಿದರೆ ವಿರೋಧ, ನಡುವಿನದು ಏನೂ ಇಲ್ಲ. 0.5–1ರ ನಡುವಿನದನ್ನು ‘ಸ್ವಲ್ಪ ಸಿನರ್ಜಿ’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ: ಎಂಐಸಿ ಪರೀಕ್ಷೆಯಲ್ಲೇ ಒಂದು ಹಂತ ಆಚೀಚೆ ಆಗುವುದು ಸಹಜ. ಅದಕ್ಕೇ ಮೂರು ಬೇರೆ ದಿನ ಮೂರು ಪ್ಲೇಟ್.

ಸೂಚ್ಯಂಕ ಒಂದೇ ಸಾಲದು. ಮೆರೋಪೆನೆಮ್ 256ರಿಂದ 64ಕ್ಕೆ ಇಳಿದರೂ ಸಿನರ್ಜಿ ಬರಬಹುದು, ಆದರೆ ಲೀಟರಿಗೆ 64 ಮಿಗ್ರಾಂ ರೋಗಿಯ ರಕ್ತದಲ್ಲಿ ಉಳಿಯುವುದಿಲ್ಲ. ನಾನು ನೋಡುವುದು ಮೆರೋಪೆನೆಮ್ 8ರೊಳಗೆ, ಕೊಲಿಸ್ಟಿನ್ 2ರೊಳಗೆ ಇರುವಾಗಲೇ ಬೆಳವಣಿಗೆ ನಿಂತಿದೆಯೇ ಎಂದು. ಕೊಲಿಸ್ಟಿನ್ 2 ದಾಟಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಎನ್‌ಡಿಎಂ ಎಂಬ ಕಾರ್ಬಾಪೆನಮೇಸ್ ಕಿಣ್ವದ ತಳಿಗಳಿಗೆ ಈ ಲೆಕ್ಕವೇ ಬೇರೆ. ಎನ್‌ಡಿಎಂ ಅಜ್ಟ್ರಿಯೊನಾಮ್ ಎಂಬ ಆಂಟಿಬಯಾಟಿಕ್ ಅನ್ನು ಒಡೆಯಲಾರದು. ಒಡೆಯುವುದು ಜೊತೆಗಿರುವ ಇಎಸ್‌ಬಿಎಲ್, ಆಂಪ್‌ಸಿ ಕಿಣ್ವಗಳು, ಅವನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಇಲ್ಲಿ ಅವಿಬ್ಯಾಕ್ಟಮ್ ಎಲ್ಲ ಗುಳಿಗಳಲ್ಲೂ ಲೀಟರಿಗೆ 4 ಮಿಗ್ರಾಂ, ಅಜ್ಟ್ರಿಯೊನಾಮ್ ಮಾತ್ರ ಇಳಿಯುತ್ತದೆ. ಎಫ್‌ಐಸಿ ಬೇಡ, ಅಜ್ಟ್ರಿಯೊನಾಮ್ ಎಂಐಸಿ ಎಲ್ಲಿಗೆ ಇಳಿಯಿತು ಅಷ್ಟೇ ಸಾಕು. ನಿರೀಕ್ಷಿಸಿದಷ್ಟು ಇಳಿಯದ ಇ. ಕೋಲಿ ಸಿಕ್ಕರೆ ಅಜ್ಟ್ರಿಯೊನಾಮ್ ಹಿಡಿಯುವ ಪಿಬಿಪಿ3 ಪ್ರೋಟೀನಿನಲ್ಲಿ ನಾಲ್ಕು ಅಮೈನೊ ಆಮ್ಲ ಹೆಚ್ಚಿಗೆ ಸೇರಿದೆಯೇ ನೋಡಬೇಕು.

ಚೆಕರ್‌ಬೋರ್ಡ್ ಬೆಳವಣಿಗೆ ನಿಂತದ್ದನ್ನು ಹೇಳುತ್ತದೆ, ಸತ್ತದ್ದನ್ನಲ್ಲ. ಆದ್ದರಿಂದ ಆಯ್ದ ಜೋಡಿಗೆ ಟೈಮ್–ಕಿಲ್: 0, 2, 4, 8, 24 ಗಂಟೆಗೆ ತೆಗೆದು ಎಣಿಕೆ. 24 ಗಂಟೆಗೆ, ಒಂಟಿ ಔಷಧಗಳಲ್ಲಿ ಉತ್ತಮವಾದುದಕ್ಕಿಂತ ನೂರು ಪಟ್ಟು ಕಡಿಮೆ ಉಳಿದಿದ್ದರೆ ಸಿನರ್ಜಿ. ಸ್ಯಾಂಪಲ್ ಜೊತೆ ಬಂದ ಔಷಧ ಅಗಾರ್ ಮೇಲೂ ಕೊಲ್ಲುತ್ತಿರುತ್ತದೆ, ತೆಳುವಾಗಿಸದೆ ಹರಡಿದ ಪ್ಲೇಟ್ ಖಾಲಿಯಿದ್ದ ಮಾತ್ರಕ್ಕೆ ಸಂಭ್ರಮ ಪಡಬೇಡಿ. 8ನೇ ಗಂಟೆಗೆ ಇಳಿದು 24ಕ್ಕೆ ಮತ್ತೆ ಏರಿದರೆ, ಆ ಕಾಲನಿಗಳ ಕೊಲಿಸ್ಟಿನ್ ಎಂಐಸಿ ಮತ್ತೆ ನೋಡಿ. ಹಲವು ಸಲ ಉಳಿದದ್ದು ನಿರೋಧ ಗಳಿಸಿದ ಪೀಳಿಗೆ.

ವೈದ್ಯರಿಗೆ ಹೇಳುವಾಗ ಮಾತು ಅಳೆದು ಆಡಬೇಕಾಗುತ್ತದೆ. 2018ರಲ್ಲಿ ಪ್ರಕಟವಾದ ಐಡಾ ಪ್ರಯೋಗದಲ್ಲಿ 406 ರೋಗಿಗಳಿಗೆ ಕೊಲಿಸ್ಟಿನ್ ಒಂಟಿಯಾಗಿ ಅಥವಾ ಮೆರೋಪೆನೆಮ್ ಜೊತೆ ಕೊಡಲಾಯಿತು. ಚಿಕಿತ್ಸೆ ವಿಫಲವಾದದ್ದು ಶೇ. 79 ಮತ್ತು ಶೇ. 73, ಅಂಕಿಅಂಶದಲ್ಲಿ ವ್ಯತ್ಯಾಸವೆನ್ನಲಾಗದು. ಅಲ್ಲಿನ ಹೆಚ್ಚಿನ ಸೋಂಕು ಅಸಿನೆಟೊಬ್ಯಾಕ್ಟರ್‌ನದು. ಹಾಗಾಗಿ ರಿಪೋರ್ಟಿನಲ್ಲಿ ‘ಸಿನರ್ಜಿ ಇದೆ’ ಎಂದಷ್ಟೇ ಬರೆಯುವುದಿಲ್ಲ. ಒಂಟಿ ಎಂಐಸಿಗಳು, ಜೋಡಿಯ ಎಂಐಸಿ, ಮೂರು ಪ್ಲೇಟುಗಳಲ್ಲಿ ಎಷ್ಟರಲ್ಲಿ ಬಂತು, 24 ಗಂಟೆಯ ಎಣಿಕೆ ಇಷ್ಟನ್ನೂ ಬರೆದು, ಕೊಲಿಸ್ಟಿನ್ ಇರುವ ಜೋಡಿಯಾದರೆ ರೋಗಿಯ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರುವ ಅಳತೆ) ಎಷ್ಟಿದೆ ಎಂದು ಫೋನ್ ಮಾಡಿ ಕೇಳುತ್ತೇನೆ.