ಚುರುಮುರಿ ಮೆತ್ತಗಾದರೆ ಪಂಪ್ ಬಂದ್

ಮೂರು ಬೇಸಿಗೆ ಹಾಳು ಮಾಡಿಕೊಂಡ ಮೇಲೆ ನಾಲ್ಕನೇ ಬೇಸಿಗೆಗೆ ಕೆಲಸ ಆಯ್ತು. ಕಲಬುರಗಿಯಲ್ಲಿ, ಮೇಲಿನ ಅಂತಸ್ತಿನ ಕೋಣೆಯಲ್ಲಿ, ಎಸಿ ಇಲ್ಲದೆ, ಬರೀ ಕೂಲರ್ ಹಾಕಿಕೊಂಡು, ಮೇ ತಿಂಗಳ ಮಧ್ಯಾಹ್ನ ಎರಡೂವರೆಗೆ ಕೂತು ಹಿಂದಿ ಸೀರಿಯಲ್ ಸಿಐಡಿಯ ಒಂದು ಪೂರ್ತಿ ಎಪಿಸೋಡ್ ನೋಡಿದೆ. ಬೆವರಲಿಲ್ಲ. ಒಂದು ಡೈಲಾಗೂ ತಪ್ಪಲಿಲ್ಲ. ಇದೇನು ದೊಡ್ಡ ಸಾಧನೆ ಅಂತ ಬೆಂಗಳೂರಿನವರು ಕೇಳಬಹುದು, ಕೇಳಲಿ. ಹೊರಗೆ 43 ಡಿಗ್ರಿ ಇತ್ತು.

ಹೆಂಡತಿಯ ತಮ್ಮ ಮೊದಲ ವರ್ಷವೇ ಹೇಳಿದ್ದ: "ಮಾಮಾ, ಸುಮ್ನೆ ಎಸಿ ಹಾಕ್ಸಿ ಬಿಡ್ರಿ. ಈ ಡಬ್ಬಾ ಕೂಲರ್‌ದಾಗ ಏನೂ ಆಗಂಗಿಲ್ಲ." ಆಗ ಎಸಿಗೆ ಮೂವತ್ತೈದು ಸಾವಿರದ ಮೇಲೆ ಕೇಳುತ್ತಿದ್ದರು, ಬಿಲ್ ಬೇರೆ. ನಾನು ಆರೂವರೆ ಸಾವಿರ ಕೊಟ್ಟು ತಗಡಿನ ಕೂಲರ್ ತಂದೆ. ಆಮೇಲೆ ಅದರ ಹಿಂದೆ ಎಷ್ಟು ಸುರಿದೆ ಅನ್ನೋದನ್ನು ಅವನಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ.

ನಮ್ಮ ಕಡೆ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ಬಿಸಿಲಿನಿಂದ ಸಿಗುವ ಲಾಭ ಇದೊಂದೇ. ಎರಡಕ್ಕೆ ಮನೆ ಸೇರಿ ರೊಟ್ಟಿ ತಿಂದರೆ ಸಂಜೆವರೆಗೆ ಹೊರಗೆ ಕಾಲಿಡೋ ಹಾಗಿಲ್ಲ. ಅವ್ವ, ನಾನು ಇಬ್ಬರೂ ಕೊಲೆ ಕೇಸಿನ ಹುಚ್ಚರು. 1993ರಲ್ಲಿ ದೂರದರ್ಶನದಲ್ಲಿ ಬ್ಯೋಮಕೇಶ್ ಬಕ್ಷಿ ಬರುವಾಗ ಹಿಡಿದ ಹುಚ್ಚು. ಅವ್ವನದು ಟಿವಿ ಹುಚ್ಚು ಇನ್ನೂ ಹಳೆಯದು. 1975-76ರಲ್ಲಿ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿವಿ ತೋರಿಸಿದರಲ್ವಾ, ಆ ಜಿಲ್ಲೆಗಳಲ್ಲಿ ನಮ್ಮದೂ ಒಂದು. ದೊಡ್ಡ ಜಾಲರಿ ಆ್ಯಂಟೆನಾ, ಊರಿಗೊಂದು ಪೆಟ್ಟಿಗೆ, ಎದುರಿಗೆ ನೆಲದ ಮೇಲೆ ಅವ್ವ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಯಾರು ಮೊದಲು ನೋಡಿದ್ದು ಅಂತ ನೀವೇ ಲೆಕ್ಕ ಹಾಕಿ.

ಇರಲಿ, ಕೂಲರ್ ವಿಷಯಕ್ಕೆ ಬರ್ತೀನಿ.

ಮೊದಲ ಬೇಸಿಗೆ ನಾನು ಮಾಡಿದ ತಪ್ಪು ನೂರರಲ್ಲಿ ಎಂಬತ್ತು ಜನ ಮಾಡುತ್ತಾರೆ. ಕೂಲರನ್ನು ಕೋಣೆಯ ಒಳಗಿಟ್ಟು, ಎಸಿ ಥರ ಎಲ್ಲ ಕಿಟಕಿ ಬಾಗಿಲು ಮುಚ್ಚಿದೆ. ಅರ್ಧ ತಾಸು ಸ್ವರ್ಗ. ಆಮೇಲೆ ಚಾದರ ಮೆತ್ತಗೆ, ಮೈ ಅಂಟಂಟು, ಗೋಡೆಯಲ್ಲಿದ್ದ ಕ್ಯಾಲೆಂಡರ್ ಕೂಡ ಜೋತು ಬಿತ್ತು. ಒಳಗಿನ ತೇವದ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸಿದರೆ ತಂಪು ಎಲ್ಲಿಂದ ಬರಬೇಕು? ಕೂಲರ್ ಕಿಟಕಿಯ ಹೊರಗಿರಬೇಕು, ಹೊರಗಿನ ಒಣ ಗಾಳಿ ಎಳೆಯಬೇಕು, ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಬೇಕು. ಮೂರು ಬೆರಳಾದರೆ ಸಾಲದು, ಒಂದು ಗೇಣಾದರೆ ಬಿಸಿ ಝಳ ಒಳಗೆ. ಇದನ್ನು ಕಲಿಯೋಕೆ ಒಂದು ಬೇಸಿಗೆ ಹೋಯ್ತು, ಜೊತೆಗೆ ಆ್ಯಂಗಲ್ ಸ್ಟ್ಯಾಂಡ್ ವೆಲ್ಡಿಂಗಿಗೆ ಸಾವಿರದ ಎಂಟುನೂರೋ ಎರಡು ಸಾವಿರವೋ.

ತಂಪಾಯ್ತು. ಆದರೆ ಟಿವಿ ಕೇಳಿಸೋದಿಲ್ಲ!

ತಗಡಿನ ಕೂಲರ್ ಸದ್ದು ಗೊತ್ತಲ್ಲ, ಟ್ರ್ಯಾಕ್ಟರ್ ಚಾಲೂ ಇಟ್ಟು ನಿಲ್ಲಿಸಿದ ಹಾಗೆ. ಹಾಡು, ಕಾಮಿಡಿ ಆದರೆ ನಡೆಯುತ್ತೆ. ಕೊಲೆ ಕೇಸಿನಲ್ಲಿ ಹಾಗಲ್ಲ. ಅಲ್ಲಿ ಮುಖ್ಯವಾದದ್ದನ್ನೆಲ್ಲ ಪಿಸುಗುಟ್ಟಿಯೇ ಹೇಳೋದು. ಶವ ನೋಡಿ ಡಾಕ್ಟರ್ ಏನೋ ಗೊಣಗುತ್ತಾರೆ, ಅದು ತಪ್ಪಿದರೆ ಕಥೆಯೇ ತಪ್ಪಿತು. ಸೌಂಡ್ ಅರವತ್ತಕ್ಕೆ ಇಟ್ಟೆ. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಟಿವಿಯಲ್ಲಿ ಹೆಣ್ಣುಮಗಳೊಬ್ಬಳು ಕಿರುಚಿದಳು ನೋಡಿ, ಪಕ್ಕದ ಮನೆಯ ಕಾಕಾ ಬ್ಯಾಟರಿ, ಬಡಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದುಬಿಟ್ಟರು. "ಏನ್ ಆಯ್ತೋ? ಯಾರಿಗೆ ಏನ್ ಮಾಡ್ದಿ?" ಅಂತ ನನ್ನನ್ನೇ ಕೇಳಿದರು. ಅವ್ವ ಅವರಿಗೆ ಚಹಾ ಮಾಡಿಕೊಟ್ಟು ಕೂರಿಸಿದಳು, ಕಾಕಾ ಕೊಲೆಗಾರ ಸಿಗುವವರೆಗೂ ಏಳಲಿಲ್ಲ. ಮರುದಿನದಿಂದ ಸೌಂಡ್ ಕಮ್ಮಿ ಮಾಡಬೇಕಾಯ್ತು.

ಸದ್ದಿಗೆ ನಾನು ಮಾಡಿದ್ದು ಮೂರು. ಸ್ಟ್ಯಾಂಡಿಗೂ ಕೂಲರ್ ಕಾಲಿಗೂ ನಡುವೆ ಹಳೆ ಸ್ಕೂಟರ್ ಟ್ಯೂಬ್ ಮಡಚಿ ಇಟ್ಟೆ, ಎರಡು ಮಡಿಕೆ ಸಾಲಲಿಲ್ಲ, ನಾಲ್ಕು ಹಾಕಿದೆ. ತಗಡಿನ ಗಡಗಡ ಅರ್ಧ ಅಲ್ಲೇ ಹೋಯ್ತು. ಫ್ಯಾನಿನ ಒಂದು ರೆಕ್ಕೆ ಅಂಗಡಿಯಿಂದ ತರುವಾಗಲೇ ಬಾಗಿತ್ತು ಅಂತ ಕಾಣುತ್ತೆ, ಅದನ್ನು ಬಿಚ್ಚಿ ಮೂರನ್ನೂ ಸಮ ಮಾಡಿಸಿದೆ. ಆ ಬ್ಯಾಲೆನ್ಸ್ ನೋಡೋಕೆ ನನ್ನದೇ ಒಂದು ಉಪಾಯ ಇದೆ, ದಾರ ಮತ್ತು ಎಂಟಾಣೆಯದ್ದು, ಅದನ್ನು ಇಲ್ಲಿ ಬರೆಯೋದಿಲ್ಲ. ಮೂರನೆಯದೇ ದೊಡ್ಡದು. ಈಗಿನ ತೆಳ್ಳನೆಯ ಟಿವಿಗಳಲ್ಲಿ ಸ್ಪೀಕರ್ ಹಿಂದಕ್ಕೋ ಕೆಳಕ್ಕೋ ಇರುತ್ತೆ, ಮಾತು ಗೋಡೆಗೆ ಹೇಳಿದ ಹಾಗೆ. ಅಟ್ಟದ ಮೇಲಿದ್ದ ಹಳೆ ಹೋಮ್ ಥಿಯೇಟರಿನ ಒಂದೇ ಒಂದು ಡಬ್ಬಿ ಇಳಿಸಿ, ವೈರ್ ಉದ್ದ ಮಾಡಿಸಿ, ಮಂಚದ ತಲೆಯ ಹತ್ತಿರ ಇಟ್ಟೆ. ಸೌಂಡ್ ಜಾಸ್ತಿ ಮಾಡಲಿಲ್ಲ, ಕಿವಿಗೆ ಹತ್ತಿರ ತಂದೆ ಅಷ್ಟೇ. ಈಗ ಹದಿನೆಂಟಕ್ಕೆ ಎಲ್ಲ ಕೇಳುತ್ತೆ. ಖರ್ಚು ನೂರಾ ಇಪ್ಪತ್ತು, ವೈರಿಗೆ. ನಾಲ್ಕು ವರ್ಷದಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಉಪಯೋಗ ಆದ ಕೆಲಸ ಇದೇ.

ಜಾಸ್ತಿ ದುಡ್ಡು ತಿಂದಿದ್ದು ಇನ್ವರ್ಟರ್. 2004ರಲ್ಲಿ ಸಿಐಡಿಯವರು 111 ನಿಮಿಷದ ಎಪಿಸೋಡನ್ನು ನಡುವೆ ಒಂದೂ ಕಟ್ ಇಲ್ಲದೆ ಒಂದೇ ಶಾಟಿನಲ್ಲಿ ತೆಗೆದರು. ನಮ್ಮ ಬೀದಿಯಲ್ಲಿ ಮೇ ತಿಂಗಳಲ್ಲಿ 111 ನಿಮಿಷ ಕಟ್ ಇಲ್ಲದೆ ಕರೆಂಟ್ ಇದ್ದರೆ ಅದೂ ದಾಖಲೆಯೇ. ನಾನು ಜಾಣತನ ಮಾಡೋಕೆ ಹೋಗಿ ಸೆಕೆಂಡ್‌ಹ್ಯಾಂಡ್ ಸ್ಕ್ವೇರ್ ವೇವ್ ಇನ್ವರ್ಟರ್ (ಒರಟು ಕರೆಂಟ್ ಕೊಡೋ ಅಗ್ಗದ ಥರದ್ದು) ನಾಲ್ಕು ಸಾವಿರಕ್ಕೆ ತಂದೆ. ಟಿವಿ ನಡೆಯಿತು, ಕೂಲರೂ ತಿರುಗಿತು, ಆದರೆ ಮೋಟಾರ್ ಗುಂಯ್ ಅಂತ ಒಂದೇ ಸಮ ಅಳೋದು, ಮೈಯೂ ಸುಡೋದು. ಸದ್ದು ಕಮ್ಮಿ ಮಾಡೋಕೆ ಪಟ್ಟ ಪಾಡೆಲ್ಲ ನೀರಿಗೆ ಹೋಯ್ತು. ಒಂದೂವರೆ ಸಾವಿರ ಲಾಸಿಗೆ ಮಾರಿ, ಮನೆ ಕರೆಂಟಿನ ಹಾಗೇ ನಯವಾಗಿ ಕೊಡೋ ಸೈನ್ ವೇವ್ ಇನ್ವರ್ಟರ್ ಮತ್ತು 150 ಎಎಚ್ ಬ್ಯಾಟರಿ ಸೇರಿ ಹತ್ತೊಂಬತ್ತು ಸಾವಿರದ ಹತ್ತಿರ ಕೊಟ್ಟೆ. ಕೂಲರ್, ಪಂಪ್, ಟಿವಿ ಸೇರಿ ಇನ್ನೂರೈವತ್ತು ವ್ಯಾಟ್ ಆಗಬಹುದು, ಮೂರೂವರೆ ತಾಸು ಗ್ಯಾರಂಟಿ. ಎಸಿಯನ್ನು ಈ ಬ್ಯಾಟರಿ ಮೇಲೆ ಎಷ್ಟು ಹೊತ್ತು ನಡೆಸ್ತಾನೆ ಅಂತ ಹೆಂಡತಿಯ ತಮ್ಮನನ್ನೇ ಕೇಳಿ.

ಮೂರನೇ ಬೇಸಿಗೆ ಪೂರ್ತಿ ಪ್ರಯೋಗ. ಯಾರೋ ಹೇಳಿದರು ಅಂತ ಕೂಲರ್ ಟ್ಯಾಂಕಿಗೆ ದಿನಾ ಐಸ್ ಗಡ್ಡೆ ಹಾಕಿದೆ. ನಲವತ್ತು ನಿಮಿಷಕ್ಕೆ ಕರಗಿ ಹೋಗೋದು, ತಂಪು ಹೆಚ್ಚಾಯ್ತೋ ಇಲ್ಲವೋ ಅನ್ನೋಷ್ಟು. ಒಂದು ಕಿಲೋ ಐಸ್ ಕರಗುವಾಗ ಎಳೆಯೋ ಬಿಸಿಗಿಂತ ಒಂದು ಲೀಟರ್ ನೀರು ಪ್ಯಾಡಿನಲ್ಲಿ (ಪಂಪ್ ನೀರು ಸುರಿಸೋ, ಗಾಳಿ ಹಾಯೋ ಪದರ) ಆರುವಾಗ ಎಳೆಯೋದು ಏಳು ಪಟ್ಟು ಜಾಸ್ತಿ. ಹಾಗಾಗಿ ಐಸಿನ ದುಡ್ಡು ಪ್ಯಾಡಿಗೆ ಹಾಕಿ. ಲಾವಂಚದ ಪ್ಯಾಡ್ ಹಾಕಿ ನೋಡಿದೆ, ವಾಸನೆ ಮಾತ್ರ ನವಾಬರ ಮನೆಯದ್ದು, ಗಾಳಿ ಅರ್ಧ ಆಯ್ತು. ಕೊನೆಗೆ ಜೇನುಗೂಡಿನ ಥರದ ಪ್ಯಾಡ್. ನಮ್ಮ ಬೋರ್ ನೀರಿಗೆ ಒಂದೇ ತಿಂಗಳಲ್ಲಿ ಬಿಳಿ ಗಾರೆ ಕಟ್ಟಿತು. ಈಗ ಮೂರು ದಿನಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡ್ತೀನಿ, ತಿಂಗಳಿಗೊಮ್ಮೆ ಸಿಟ್ರಿಕ್ ಆ್ಯಸಿಡ್ ಪುಡಿ ಹಾಕಿದ ನೀರು ಓಡಿಸ್ತೀನಿ. ಎರಡು ಬೇಸಿಗೆ ಬಂತು ಪ್ಯಾಡ್.

ಇನ್ನು ಮಾಳಿಗೆ. ರಾತ್ರಿ ಹತ್ತಾದರೂ ಸ್ಲ್ಯಾಬ್ ಹಂಚಿನ ಹಾಗೆ ಕಾದಿರುತ್ತೆ. ಊರಿಂದ ತೊಗರಿ ಕಟ್ಟಿಗೆ ಟಂಟಂ ಆಟೋದಲ್ಲಿ ಹಾಕಿಸಿಕೊಂಡು ಬಂದು ಮಾಳಿಗೆ ತುಂಬ ಹಂದರ ಹಾಕಿದೆ. ನಿಜ ಹೇಳಬೇಕಂದ್ರೆ ಅದರಷ್ಟು ತಂಪು ಬೇರೆ ಯಾವುದೂ ಕೊಟ್ಟಿಲ್ಲ. ಮೇ ಕೊನೆಗೆ ರೋಹಿಣಿ ಮಳೆಯ ಮೊದಲ ಗಾಳಿಗೆ ಹಂದರ ಎದ್ದು ಹಾರಿ ಕಾಕಾನ ಅಂಗಳಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅವರ ನೀರಿನ ಡ್ರಮ್ ಒಡೆಯಿತು, ಎಂಟುನೂರು ಕೊಟ್ಟೆ. ಬೆಂಕಿಯ ಭಯವೂ ಇತ್ತು, ಬಿಟ್ಟೆ. ಈಗ ಸುಣ್ಣ. ಕಲ್ಲುಸುಣ್ಣ ರಾತ್ರಿ ನೆನೆಸಿ, ಸೋಸಿ, ಫೆವಿಕಾಲ್ ಸೇರಿಸಿ, ಇನ್ನೊಂದು ವಸ್ತು ಹಾಕಿ (ಅದು ನನ್ನಲ್ಲೇ ಇರಲಿ, ಅಡುಗೆಮನೆಯಲ್ಲೇ ಸಿಗುತ್ತೆ), ಮಾರ್ಚ್ ಮುಗಿಯೋದರೊಳಗೆ ಎರಡು ಕೋಟ್. ಮಧ್ಯಾಹ್ನ ಬಳಿದರೆ ಒಣಗುವ ಮೊದಲೇ ಪುಡಿಯಾಗಿ ಉದುರುತ್ತೆ, ಬೆಳಿಗ್ಗೆ ಆರಕ್ಕೇ ಶುರು ಮಾಡಬೇಕು. ಎಲ್ಲ ಸೇರಿ ಸಾವಿರದ ಐನೂರು. ರಾತ್ರಿ ಒಂಬತ್ತಕ್ಕೆ 39 ತೋರಿಸುತ್ತಿದ್ದ ಗೋಡೆ ಥರ್ಮಾಮೀಟರ್ 35ಕ್ಕೆ ಇಳಿಯಿತು, ಅದೂ ಕೂಲರ್ ಹಾಕದೆ. ನೆಲ ಶಹಾಬಾದ್ ಕಲ್ಲಿನದು, ಕಾಲಿಗೆ ತಾನಾಗೇ ತಂಪು, ಅದಕ್ಕೆ ನಾನೇನೂ ಮಾಡಬೇಕಾಗಿಲ್ಲ.

ಈಗ ಎಲ್ಲರೂ ಕೈಬಿಡೋ ಜಾಗ. ಏಪ್ರಿಲಿನ ಒಣ ಬಿಸಿಲಿಗೆ ಕೂಲರ್ ರಾಜ. ಹೊರಗೆ 42 ಇದ್ದರೂ ಒಳಗೆ 28ರ ಗಾಳಿ ಬರುತ್ತೆ. ಒಂದು ಅಡ್ಡಮಳೆ ಬಿತ್ತೋ, ಹೊರಗೆ 36ಕ್ಕೆ ಇಳಿದರೂ ಜೀವ ಹೋಗುತ್ತೆ. "ಬಿಸಿಲು ತಡಕೋಬಹುದಪಾ, ಈ ಶಕಿ ಆಗಲ್ಲ" ಅಂತಾಳೆ ಅವ್ವ. ಆಗ ಪಂಪ್ ಹಾಕಿದಷ್ಟೂ ಕೋಣೆಯಲ್ಲಿ ತೇವ ಜಾಸ್ತಿ. ಜನ ಏನು ಮಾಡ್ತಾರೆ? ತಂಪು ಸಾಲದು ಅಂತ ಇನ್ನೂ ನೀರು ಬಿಡ್ತಾರೆ. ಪಂಪ್ ಯಾವಾಗ ಬಂದ್ ಮಾಡಬೇಕು ಅನ್ನೋದೇ ಇಡೀ ಆಟ. ನಾನು ಮೊದಲು ಒದ್ದೆ ಟವೆಲ್ ನೇತು ಹಾಕಿ, ಎಷ್ಟು ಹೊತ್ತಿಗೆ ಒಣಗುತ್ತೆ ಅಂತ ಗಡಿಯಾರ ನೋಡುತ್ತಿದ್ದೆ. ತೇವ ಅಳೆಯೋ ಮೀಟರ್ ನಾನೂರು ಕೊಟ್ಟು ತರಿಸಿದೆ, ಅದು ಮೂರೂ ಕಾಲ ಅರವತ್ತೇ ತೋರಿಸುತ್ತಿತ್ತು.

ಉತ್ತರ ತಟ್ಟೆಯಲ್ಲೇ ಇತ್ತು. ನಾವು ಟಿವಿ ಮುಂದೆ ಕೂತರೆ ಒಗ್ಗರಣೆ ಚುರುಮುರಿ (ಮಂಡಕ್ಕಿ) ಇರಲೇಬೇಕು. ಒಂದು ದಿನ ಎಪಿಸೋಡ್ ಮುಗಿದರೂ ಚುರುಮುರಿ ಕುರುಕುರು ಇತ್ತು, ಇನ್ನೊಂದು ದಿನ ಎರಡನೇ ಜಾಹೀರಾತಿಗೇ ಚರ್ಮದ ಹಾಗಾಯ್ತು. ಅವತ್ತೇ ಅಂಟಂಟು. ಸಾಕ್ಷಿ ಕಣ್ಣೆದುರೇ ಇತ್ತಲ್ಲ! ಅಂದಿನಿಂದ ಕಿಟಕಿಯ ಹೊರಗಟ್ಟೆಯ ಮೇಲೆ, ಕೂಲರ್ ಗಾಳಿ ತಾಗದ ಕಡೆ, ನಾಲ್ಕು ಕಾಳು ಖಾಲಿ ಚುರುಮುರಿ ಇಡ್ತೀನಿ. ಅರ್ಧ ತಾಸಿಗೆ ಮೆತ್ತಗಾದರೆ ಪಂಪ್ ಬಂದ್, ಬರೀ ಫ್ಯಾನ್, ಜೊತೆಗೆ ಎದುರು ಗೋಡೆಯ ಮೇಲಿನ ಎಕ್ಸಾಸ್ಟ್ ಚಾಲೂ. ಗರಿಗರಿ ಇದ್ದರೆ ನೀರು ಬಿಡಿ. ಒಗ್ಗರಣೆ ಹಾಕಿದ್ದು ಬೇಡ, ಎಣ್ಣೆ ಮೋಸ ಮಾಡುತ್ತೆ. ಸಂಜೆ ಕಿಟಕಿ ತೆರೆದು ಒಳಗಿನ ಬಿಸಿ ಪೂರ್ತಿ ಹೊರಗೆ ಹಾಕೋದು, ಬೆಳಿಗ್ಗೆ ಎಂಟಕ್ಕೆ ಮುಚ್ಚೋದು, ಇದು ನಿಮಗೆ ಗೊತ್ತಿರೋದೇ. ಜೂನಿನಲ್ಲಿ ಮಿರಗದ (ಮೃಗಶಿರ) ಮಳೆ ಹತ್ತಿದ ಮೇಲೆ ಚುರುಮುರಿಯೂ ಬೇಡ, ನಮ್ಮ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ, ತೆಗೆಯೋಕೆ ಸಿಐಡಿಯಲ್ಲಿ ಬಾಗಿಲು ಒಡೆಯೋ ದಯಾನೇ ಬರಬೇಕು. ಬಾಗಿಲು ಕಚ್ಚಿತು ಅಂದ್ರೆ ಪ್ಯಾಡ್ ಬಿಚ್ಚಿ ಒಣಗಿಸಿಡೋದು.

ನೋಡೋದಕ್ಕೂ ಒಂದು ಕ್ರಮ ಆಗಿದೆ ಈಗ. ಮಧ್ಯಾಹ್ನ ಹಳೆ ಸಿಐಡಿ. 1998ರಿಂದ 2018ರವರೆಗೆ ನಡೆದದ್ದು, ಎಷ್ಟು ನೋಡಿದರೂ ಮುಗಿಯಲ್ಲ. ಒಮ್ಮೆ ನೋಡಿದ್ದನ್ನೇ ನೋಡಿದರೂ ಕೊಲೆಗಾರ ಯಾರು ಅಂತ ನನಗೆ ಮರೆತಿರುತ್ತೆ, ಬಿಸಿಲಿನ ಉಪಕಾರ. 2024ರ ಡಿಸೆಂಬರಿನಲ್ಲಿ ಮತ್ತೆ ಹೊಸದಾಗಿ ಶುರುವಾದದ್ದನ್ನು ರಾತ್ರಿಗೆ ಇಟ್ಟುಕೊಳ್ತೀವಿ. ನಿಜವಾಗಿ ನಡೆದ ಅಪರಾಧದ ಕಥೆಗಳನ್ನು ಸೆಕೆಯ ದಿನ ನೋಡಬೇಡಿ, ತಲೆ ಭಾರ ಆಗುತ್ತೆ, ನಿದ್ದೆ ಬರಲ್ಲ. ಅವ್ವನ ಲೆಕ್ಕ ಬೇರೆ: "ಯಾರು ಮೊದಲು ಅಳ್ತಾರೋ ಅವ್ರೇ ಕೊಂದವ್ರು." ಒಂದು ಬೇಸಿಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಮೂವತ್ತರಲ್ಲಿ ಹನ್ನೊಂದೋ ಹನ್ನೆರಡೋ ಸರಿ ಬಂತು. ನನ್ನದು ಏಳು.

ಕಳೆದ ಮೇ ತಿಂಗಳಲ್ಲಿ ಹೆಂಡತಿಯ ತಮ್ಮ ಬಂದಿದ್ದ. ಅವನ ಕಡೆ ವೋಲ್ಟೇಜ್ ಇಲ್ಲದೆ ಎಸಿ ಎರಡು ದಿನದಿಂದ ಚಾಲೂ ಆಗಿರಲಿಲ್ಲ. ಮಂಚದ ಮೇಲೆ ಕೂತ, ಎರಡು ಎಪಿಸೋಡ್ ನೋಡಿದ, ಏಳೋ ಲಕ್ಷಣ ಇಲ್ಲ. ಕೊನೆಗೆ "ಮಾಮಾ, ಮಾಳಿಗಿಗೆ ಸುಣ್ಣದಾಗ ಏನ್ ಹಾಕೀರಿ?" ಅಂತ ಕೇಳಿದ. ಸುಣ್ಣ ಹೇಳಿದೆ, ಫೆವಿಕಾಲ್ ಹೇಳಿದೆ. ಮತ್ತೇನು ಅಂದ. ಭಾನುವಾರ ಬೆಳಿಗ್ಗೆ ಆರಕ್ಕೆ ನಾನೇ ಕಲಸಿಕೊಂಡು ಬರ್ತೀನಿ, ನೀನು ಬ್ರಶ್ ತಂದಿಡು ಅಂದೆ.