ಸ್ಪ್ಯಾನಿಷ್, ಫಿಸಿಕ್ಸ್ ಒಂದೇ ಪೀರಿಯಡ್‌ಗೆ ಬಿದ್ದರೆ

ಅಮೆರಿಕದ ಹೈಸ್ಕೂಲಿನಲ್ಲಿ ನಮ್ಮೂರ ಶಾಲೆಯಂತೆ ಇಡೀ ತರಗತಿಗೆ ಒಂದೇ ವೇಳಾಪಟ್ಟಿ ಇರುವುದಿಲ್ಲ. ಮಕ್ಕಳು ವಿಷಯ ಆರಿಸುತ್ತಾರೆ, ಅವನ್ನು ಪೀರಿಯಡ್‌ಗಳಿಗೆ ಹೊಂದಿಸುವುದು ಶಾಲೆಯ ಪಾಡು. ಹತ್ತನೇ ತರಗತಿಯ ಇಂಗ್ಲಿಷ್ ದಿನದಲ್ಲಿ ಹಲವು ಬಾರಿ ನಡೆಯುತ್ತದೆ. ಆದರೆ ಸ್ಪ್ಯಾನಿಷ್ 4 (ನಾಲ್ಕನೇ ಹಂತ), ಎಪಿ (ಕಾಲೇಜು ಮಟ್ಟದ) ಫಿಸಿಕ್ಸ್, ಆರ್ಕೆಸ್ಟ್ರಾದಂಥವು ಎಷ್ಟೋ ಶಾಲೆಗಳಲ್ಲಿ ಒಂದೊಂದೇ ಬಾರಿ. ವಿಷಯಗಳ ಆಯ್ಕೆಯಲ್ಲಿ ಮಕ್ಕಳಿಗೆ ನೆರವಾಗುವ ಶಾಲೆಯ ಕೌನ್ಸೆಲರ್‌ಗಳು ಇವನ್ನು ‘ಸಿಂಗಲ್‌ಟನ್’ ಎನ್ನುತ್ತಾರೆ. ಎರಡು ಸಿಂಗಲ್‌ಟನ್‌ಗಳು ಡಿಕ್ಕಿ ಹೊಡೆದಾಗ ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಬಿಡುವುದು ಭಾಷೆಯನ್ನು. ಅವಸರ ಬೇಡ.

ಮೊದಲು ಕಾಲೇಜು ಕೇಳುವುದೇನು ಎಂದು ನೋಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ (ಯುಸಿ) ಇಂಗ್ಲಿಷೇತರ ಭಾಷೆ 2 ವರ್ಷ ಕಡ್ಡಾಯ, 3 ವರ್ಷ ಶಿಫಾರಸು. ಹಾರ್ವರ್ಡ್‌ನಂಥ ಕಡೆ ಒಂದೇ ಭಾಷೆಯನ್ನು 4 ವರ್ಷ ಓದಿ ಎಂಬ ಸಲಹೆಯಿದೆ, ಕಡ್ಡಾಯವಿಲ್ಲ. ‘ಒಂದೇ ಭಾಷೆ’ ಎಂಬುದನ್ನು ಗಮನಿಸಿ. ಎರಡು ವರ್ಷ ಸ್ಪ್ಯಾನಿಷ್, ಆಮೇಲೆ ಒಂದು ವರ್ಷ ಫ್ರೆಂಚ್ ಎಂಬ ಜೋಡಣೆಗೆ ಅಷ್ಟು ಬೆಲೆಯಿಲ್ಲ.

ಇನ್ನು, ಲೆಕ್ಕಕ್ಕೆ ಬರುವುದು ಎಷ್ಟು ವರ್ಷ ಕೂತರು ಎನ್ನುವುದಕ್ಕಿಂತ ಯಾವ ಹಂತ ಮುಟ್ಟಿದರು ಎನ್ನುವುದು. ಸ್ಪ್ಯಾನಿಷ್ 2ನ್ನು ಸಿ ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿಸಿದರೆ ಸ್ಪ್ಯಾನಿಷ್ 1 ಕೂಡ ಆದಂತೆಯೇ ಎಂದು ಯುಸಿ ಒಪ್ಪುತ್ತದೆ. ಏಳು, ಎಂಟನೇ ತರಗತಿಯಲ್ಲಿ ಹೈಸ್ಕೂಲ್ ಮಟ್ಟದ ಭಾಷೆ ಓದಿದ್ದರೆ ಅದೂ ಸಲ್ಲುತ್ತದೆ. ಹೀಗಾಗಿ ಎಷ್ಟೋ ಸಲ ಮಗುವಿನ ಕಡ್ಡಾಯ ಆಗಲೇ ಮುಗಿದಿರುತ್ತದೆ, ಚಿಂತೆ ಮಾತ್ರ ಮುಗಿದಿರುವುದಿಲ್ಲ.

ಮುಂದಿನ ವರ್ಷದ ವಿಷಯಗಳ ಆಯ್ಕೆ ಸಾಮಾನ್ಯವಾಗಿ ಚಳಿಗಾಲದ ಕೊನೆಯಲ್ಲೇ ನಡೆಯುತ್ತದೆ. ಕೌನ್ಸೆಲರ್‌ಗೆ ಆಗಲೇ ಬರೆಯಿರಿ: ಯಾವ ಎರಡು ವಿಷಯ ಬಿಡಲಾಗದು, ಯಾವುದನ್ನು ಬದಲಿಸಬಹುದು, ಎರಡನೇ ಆಯ್ಕೆ ಯಾವುದು. ಆಗಸ್ಟ್‌ನಲ್ಲಿ ವೇಳಾಪಟ್ಟಿ ಕೈಗೆ ಬಂದ ಮೇಲೆ ಎಲ್ಲರೂ ಅದೇ ಕಚೇರಿಯ ಮುಂದೆ ನಿಂತಿರುತ್ತಾರೆ.

ಡಿಕ್ಕಿಯಾದರೆ ಭಾಷೆಯ ಬದಲು ಬೇರೇನು ಸರಿಸಬಹುದು ಎಂದು ಕೇಳಿ. ಹೆಲ್ತ್, ಗವರ್ನಮೆಂಟ್, ಪಿಇಯಂಥ (ದೈಹಿಕ ಶಿಕ್ಷಣ) ವಿಷಯಗಳನ್ನು ಬೇಸಿಗೆಯಲ್ಲಿ ಮುಗಿಸಲು ಹಲವು ಶಾಲೆಗಳು ಬಿಡುತ್ತವೆ. ಕೆಲವೆಡೆ ಬೆಳಗ್ಗೆ ಮೊದಲ ಪೀರಿಯಡ್‌ಗೂ ಮುಂಚೆ ‘ಜೀರೋ ಪೀರಿಯಡ್’ ಇರುತ್ತದೆ. ನಿದ್ದೆಗೆಟ್ಟ ಮಗುವಿಗೆ ಇದು ಶಿಕ್ಷೆಯೇ ಸರಿ, ಕೊನೆಯ ಆಯ್ಕೆಯಾಗಿಡಿ.

ಭಾಷೆಯೇ ಹೊರಗೆ ಹೋಗಬೇಕೆಂದರೆ ಸಮುದಾಯ ಕಾಲೇಜಿನ ಕೋರ್ಸ್ ಒಳ್ಳೆಯ ದಾರಿ. ಆನ್‌ಲೈನ್ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಶಾಲೆ ಅದನ್ನು ಟ್ರಾನ್ಸ್‌ಕ್ರಿಪ್ಟ್‌ಗೆ (ಶಾಲೆಯ ಅಧಿಕೃತ ಅಂಕಪಟ್ಟಿಗೆ) ಸೇರಿಸುತ್ತದೆಯೇ, ಮರುವರ್ಷ ಮುಂದಿನ ಹಂತಕ್ಕೆ ಕೂರಿಸುತ್ತದೆಯೇ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಆಗಸ್ಟ್‌ನಲ್ಲಿ ಬೆಲೆಯಿರುವುದಿಲ್ಲ. ನಡುವೆ ಒಂದು ವರ್ಷ ಖಾಲಿ ಬಿಟ್ಟು ಆಮೇಲೆ ಮುಂದುವರಿಸೋಣ ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಕ್ರಿಯಾಪದಗಳು ಅಷ್ಟು ದಿನ ಕಾಯುವುದಿಲ್ಲ.

ಕನ್ನಡವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಆರನೇ ತರಗತಿ ಅಥವಾ ಮೇಲ್ಮಟ್ಟದಲ್ಲಿ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ, ಗ್ರೇಡ್ ಸರಿಯಿದ್ದರೆ, ಯುಸಿಯ ಭಾಷಾ ನಿಯಮ ಪೂರೈಸಿದಂತಾಗುತ್ತದೆ. ಊರಿನ ಅಂಕಪಟ್ಟಿ ಜೋಪಾನವಾಗಿಡಿ. ಅಮೆರಿಕದಲ್ಲೇ ಹುಟ್ಟಿ ಬೆಳೆದವರಿಗೆ ‘ಸೀಲ್ ಆಫ್ ಬೈಲಿಟರಸಿ’ ಇದೆ, ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯೂ ಚೆನ್ನಾಗಿ ಬರುತ್ತದೆ ಎಂಬ ಮನ್ನಣೆ. ಕ್ಯಾಲಿಫೋರ್ನಿಯಾ ಇದಕ್ಕೆ 2011ರಲ್ಲಿ ಕಾನೂನು ಮಾಡಿ ದಾರಿ ತೋರಿಸಿತು. ಇದಕ್ಕಾಗಿ ಬಳಕೆಯಲ್ಲಿರುವ ಅವಾಂಟ್ ಸ್ಟ್ಯಾಂಪ್ ಪರೀಕ್ಷೆ ಕನ್ನಡದಲ್ಲೂ ಉಂಟು. ಬರೆಯಲೂಬೇಕು, ಮಾತಾಡಲೂಬೇಕು. ಅಜ್ಜಿಯ ಜೊತೆ ಫೋನಿನಲ್ಲಿ ಹರಟುವ ಮಗುವಿಗೆ ಒತ್ತಕ್ಷರ ಕಲಿಸುವುದೊಂದು ಬಾಕಿಯಿರುತ್ತದೆ.

ಏನು ಮಾಡಿದರೂ ಹೊಂದದಿದ್ದರೆ ಬಿಟ್ಟುಬಿಡಿ, ಆದರೆ ಕಾರಣ ದಾಖಲಾಗಲಿ. ಎರಡು ಕೋರ್ಸ್‌ಗಳು ಒಂದೇ ಪೀರಿಯಡ್‌ನಲ್ಲಿದ್ದವು ಎಂದು ಕೌನ್ಸೆಲರ್ ಕಾಲೇಜಿಗೆ ಕಳಿಸುವ ತಮ್ಮ ಪತ್ರದಲ್ಲಿ ಒಂದು ಸಾಲು ಬರೆದರೆ ಸಾಕು. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆಂದು ಜಾಗವಿದ್ದರೆ ಮಗುವೂ ಅಷ್ಟನ್ನೇ ಬರೆಯಬಹುದು, ಗೋಳು ಬೇಡ.