ಕರೆಂಟಿಲ್ಲದೆ ಲಿಂಬೆ ಕಾಯ್ದ ಇಟ್ಟಂಗಿ ಗೂಡು: ನನ್ನ ಅನುಭವ

ವಿಜಯಪುರ ಜಿಲ್ಲೆಯ ನಮ್ಮ ಇಂಡಿ ಕಡೆಯ ಏಪ್ರಿಲ್ ಬಿಸಿಲಿಗೆ, ಲಿಂಬೆ ತಂಪಾಗಿಡುವ ಇಟ್ಟಂಗಿ ಗೂಡು ತಡೆಯುವುದಿಲ್ಲ ಅಂದವರೇ ಹೆಚ್ಚು. ನಮ್ಮಣ್ಣನೂ ‘ಸುಮ್ನ ರೊಕ್ಕಾ ಹಾಳ ಮಾಡಬ್ಯಾಡೋ ತಮ್ಮಾ’ ಅಂದಿದ್ದ. ಈ ಬೇಸಿಗೆ ಹೊರಗೆ 41 ಡಿಗ್ರಿ ಇದ್ದಾಗ ಒಳಗೆ 27–28ಕ್ಕೆ ನಿಂತಿತು. ನಮ್ಮದು ಒಣ ಬಿಸಿಲು. ಗೋಡೆಗೆ ಹನಿಸಿದ ನೀರು ಬೇಗ ಆರಿದಷ್ಟೂ ಗೂಡು ತಣ್ಣಗಾಗುತ್ತದೆ.

ನಮೂನೆ ದಿಲ್ಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯದು: ಎರಡು ಸಾಲು ಇಟ್ಟಂಗಿ, ನಡುವೆ ಮೂರು ಇಂಚು ಉಸುಕು, ಮೇಲೆ ಹಸಿ ಗೋಣಿತಟ್ಟು. 400ರ ಹತ್ತಿರ ಇಟ್ಟಂಗಿ ಹಿಡಿದವು. ಚಪ್ಪರ, ಡ್ರಿಪ್ ಪೈಪು, ಹಳೇ ಡ್ರಮ್ಮು ಎಲ್ಲ ಸೇರಿ 6,500 ರೂಪಾಯಿ ಆಸುಪಾಸು. ಪಂಪಿನ ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗ ಬಂದರೂ ಸರಿ, ಡ್ರಮ್ಮು ತುಂಬಿಕೊಂಡರೆ ಮರುದಿನವಿಡೀ ಉಸುಕಿಗೆ ಹನಿ ಬೀಳುತ್ತಿರುತ್ತದೆ.

ಮೊದಲನೇ ವರ್ಷ ಕೆಡಿಸಿದ್ದು ಬೋರಿನ ಸವಳು ನೀರು. ತಿಂಗಳೊಪ್ಪತ್ತಿನಲ್ಲಿ ಇಟ್ಟಂಗಿ ಮೇಲೆ ಬಿಳಿ ಉಪ್ಪು ಕಟ್ಟಿತು, ಸಣ್ಣ ತೂತೆಲ್ಲ ಮುಚ್ಚಿದವು, ಒಳಗೂ ಹೊರಗೂ ಆರೇಳು ಡಿಗ್ರಿ ಅಂತರವಷ್ಟೇ ಉಳಿಯಿತು. ಎರಡು ಚೀಲ ಹಣ್ಣು ತಿಪ್ಪೆಗೆ ಹೋದವು. ಆಗಿನ ದರದಲ್ಲಿ 7,000ಕ್ಕೆ ಕಡಿಮೆಯಿಲ್ಲ. ಹೊರಸಾಲು ಕಿತ್ತು ಊರ ಭಟ್ಟಿಯ ಇಟ್ಟಂಗಿ ಇಟ್ಟೆ, ಸಿಮೆಂಟ್ ಮುಟ್ಟಲಿಲ್ಲ. ತಾಡಪತ್ರಿ ಹಾಸಿದ ಕೃಷಿ ಹೊಂಡದ ಮಳೆನೀರು ತಿರುಗಿಸಿದೆ. ಅಲ್ಲಿಂದ ಗೂಡು ಕೈಕೊಟ್ಟಿಲ್ಲ.

ತಂಪಿನ ಜೊತೆ ತೇವವೂ ಇರುವುದರಿಂದ ತೊಟ್ಟಿನ ಹತ್ತಿರ ಕೊಳೆ ಬರುತ್ತದೆ. ಒಳಗಿಡುವ ಮುಂಚೆ ಹಣ್ಣನ್ನು ಒಂದು ನೀರಿನಲ್ಲಿ ಅದ್ದಿ ನೆರಳಲ್ಲಿ ಆರಿಸುತ್ತೇನೆ. ಅದರಲ್ಲಿ ಏನು ಬೆರೆಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತೊಟ್ಟು ಸಮೇತ ಕತ್ತರಿಸಿದ ಹಣ್ಣೇ ಬೇಕು, ಉದುರಿದ್ದು ಬೇಡ, ಇಷ್ಟು ಹೇಳಬಲ್ಲೆ.

ಹೊರಗಿಟ್ಟ ಲಿಂಬೆ ವಾರದೊಳಗೆ ಸುಕ್ಕಾದರೆ, ಒಳಗಿನದು ಇಪ್ಪತ್ತು ದಿನ ದಾಟಿಯೂ ಮಿರಮಿರ ಅನ್ನುತ್ತಿತ್ತು. ಬಜಾರ ಇಳಿದ ದಿನ ಕೊಡಲಿಲ್ಲ, ಏರಿದ ದಿನ ಒಯ್ದೆ. ಸಾವಿರ ಹಣ್ಣಿಗೆ ಸುಮಾರು 600 ರೂಪಾಯಿ ಹೆಚ್ಚಿಗೆ ಬಿತ್ತು. ಒಂದು ಸಲಕ್ಕೆ ಎರಡು ಸಾವಿರ ಹಣ್ಣು ಹಿಡಿಯುವ ಗೂಡು, ಐದಾರು ಸಲಕ್ಕೇ ಖರ್ಚು ಹುಟ್ಟಿತು. ದಲಾಲರೇ ‘ಕೋಲ್ಡ್ ಸ್ಟೋರೇಜಿನ ಮಾಲೇನ್ರೀ?’ ಅಂತ ಕೇಳಿದರು.

ನಡುವೆ ಸೋಲಾರ್ ಪ್ಯಾನೆಲ್ಲಿಗೆ 12 ವೋಲ್ಟಿನ ಸಣ್ಣ ಫ್ಯಾನು ಜೋಡಿಸಿ ನೋಡಿದೆ. ಒಂದೂವರೆ ಡಿಗ್ರಿ ಇಳಿಯಿತು, ಆದರೆ ನೀರು ದುಪ್ಪಟ್ಟು ಕುಡಿಯಿತು, ಬಿಚ್ಚಿಟ್ಟೆ. ಗಡಿಗೆಯೊಳಗೆ ಗಡಿಗೆ ಇಟ್ಟು ನಡುವೆ ಉಸುಕು ತುಂಬಿದರೆ ಕೊತ್ತಂಬರಿ, ಮೆಂತ್ಯಕ್ಕೆ ಭಾಳ ಚಲೋ. ಹಾಲಿಗೆ ಮಾತ್ರ ಯಾರೂ ಇದನ್ನು ನಂಬಬೇಡಿ, 27 ಡಿಗ್ರಿಯಲ್ಲಿ ಹಾಲು ಒಡೆದೇ ಒಡೆಯುತ್ತದೆ.

ಮುಂಗಾರಿನ ಹಸಿಗಾಳಿ ಶುರುವಾದರೆ ಅಂತರ ಮೂರ್ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಆಗ ನೀರು ನಿಲ್ಲಿಸಿ, ಗೂಡು ಖಾಲಿ ಮಾಡಿ, ಉಸುಕು ತೆಗೆದು ತೊಳೆದು ಒಣಹಾಕುತ್ತೇನೆ.